ತೊಗರಿಕಾಳಿನಷ್ಟು ಸೀಸ

ನನ್ನ ಎಲೆಯಡಿಕೆ ಡಬ್ಬಿಯಲ್ಲಿ ಸುಣ್ಣದ ಪಕ್ಕ ಒಂದು ಸೀಸದ ಗುಂಡು ಬಿದ್ದಿದೆ. ತೊಗರಿಕಾಳಿಗಿಂತ ತುಸು ದೊಡ್ಡದು, ತಂತಿ ಹಾಯಿಸಲು ಎರಡು ತೂತು. ಇದು ನಕಲಿ. ಅಸಲಿ ಗುಂಡನ್ನು 2022ರ ಬೇಸಿಗೆಯಲ್ಲಿ ಒಬ್ಬ ಪಂಪ್ ಮಿಸ್ತ್ರಿ ಕಟಿಂಗ್ ಪ್ಲೇಯರಿನಿಂದ ಕಚ್ಚಿ ತೆಗೆದು, ಆಯಿಲು ಕುಡಿದು ಕಪ್ಪಾದ ಗ್ಯಾರೇಜಿನ ನೆಲಕ್ಕೆ ಎಸೆದ. ಎದುರಿಗೆ ಕುಂತು ಚಹಾ ಕುಡಿಯುತ್ತಿದ್ದವನು ನಾನೇ. ಅಷ್ಟು ಸೀಸಕ್ಕೆ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ ಬೆಲೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನೂ ಮಿಸ್ತ್ರಿಯೂ ಕೂಡಿಯೇ ನಗುತ್ತಿದ್ದೆವು.

ನಮ್ಮದು ಅಬ್ಬೆತುಮಕೂರು. ಯಾದಗಿರಿಯ ಆಚೆಯವರಿಗೆ ಈ ಊರು ಗೊತ್ತಿದ್ದರೆ ಅದು ವಿಶ್ವಾರಾಧ್ಯರ ಮಠದಿಂದ. 2021ರ ದಸರೆಗೆ, ಬನ್ನಿ ಮುಡಿಯುವ ದಿನ, ನನ್ನ ಹೊಸ ಟ್ರ್ಯಾಕ್ಟರನ್ನು ಮನೆಗೆ ಒಯ್ಯುವ ಮೊದಲು ಮಠದ ಮುಂದೆ ನಿಲ್ಲಿಸಿದೆ. 47 ಎಚ್‌ಪಿ ಗಾಡಿ. ಕಾಯಿ ಒಡೆದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ಹತ್ತಿಸಿದಾಗ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಏಳೂವರೆ ಲಕ್ಷದಲ್ಲಿ ಐದೂವರೆ ಸಾಲ, ಆರು ತಿಂಗಳಿಗೊಂದು ಕಂತು. ಕೀಲಿಯ ಜೊತೆ ಕೊಟ್ಟ ಸರ್ವಿಸ್ ಬುಕ್ಕಿನಲ್ಲಿ ವಾರಂಟಿ 2 ವರ್ಷ ಅಥವಾ 2,000 ತಾಸು, ಯಾವುದು ಮೊದಲೋ ಅದು ಎಂದು ಬರೆದಿತ್ತು. ಅಷ್ಟನ್ನು ಸೇಲ್ಸ್ ಹುಡುಗ ಓದಿ ಹೇಳಿದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಪುಟ ಇದ್ದವು. ಅವನೂ ಓದಲಿಲ್ಲ, ನಾನೂ ಓದಲಿಲ್ಲ. ಪುಸ್ತಕ ದೇವರ ಫೋಟೋದ ಹಿಂದೆ ಸೇರಿತು. ಕುಂಕುಮ ಹಚ್ಚಿ ಇಟ್ಟಿದ್ದೆ ಬೇರೆ.

ಮೊದಲ ಪೆಟ್ಟು ಸಣ್ಣದು. ಆ ಪೆಟ್ಟಿನಿಂದ ನಾನು ಕಲಿತದ್ದೇ ತಪ್ಪಾದ್ದರಿಂದ ಅದನ್ನು ಮೊದಲು ಹೇಳಬೇಕು.

ಗಾಡಿ ಬಂದ ಮೇಲಿನ ಮೊದಲ ಜಾತ್ರೆ. ಬೀಗರ ಊರಿನಿಂದ ಟ್ರೇಲರ್ ತುಂಬ ಜನರನ್ನು ತರಬೇಕಿತ್ತು. ಈಗಿನ ಕಾಲಕ್ಕೆ ಸುಮ್ಮನೆ ತಂದರೆ ಆಗುತ್ತದೆಯೇ? ಟಪ್ಪಿನ ಮೇಲೆ 100 ವ್ಯಾಟಿನ ನಾಲ್ಕು ಲೈಟು, ಹಿಂದೆ ಒಂದು ಆಂಪ್ಲಿಫೈಯರು, ಎರಡು ಬಾಕ್ಸು. ವೈರಿಂಗ್ ಮಾಡಿದ ಹುಡುಗ ಕಂಪನಿಯ ಹಾರ್ನೆಸ್ಸನ್ನೇ ಕತ್ತರಿಸಿ ಜೋಡಿಸಿ ಟೇಪು ಸುತ್ತಿದ. ಲೆಕ್ಕ ಆಮೇಲೆ ಕಲಿತೆ: 12 ವೋಲ್ಟಿನಲ್ಲಿ 100 ವ್ಯಾಟು ಎಂದರೆ 8 ಆಂಪಿಯರಿಗೂ ಮೇಲೆ, ನಾಲ್ಕು ಕೂಡಿದರೆ 33. ಆ ಸಾಲಿಗೆ ಇದ್ದದ್ದು 15 ಆಂಪಿಯರಿನ ಫ್ಯೂಜು. ಹತ್ತು ಹೆಜ್ಜೆಗೊಮ್ಮೆ ಹಾರುತ್ತಿತ್ತು. ಮೂರನೇ ಸಲ ಹಾರಿದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂರಿಸಿದೆವು. ಮುಂದೆ ಅದು ಹಾರಲೇ ಇಲ್ಲ. ಹಾರಬೇಕಾದದ್ದು ಹಾರದಿದ್ದರೆ ಬೇಯಬೇಕಾದದ್ದು ಬೇಯುತ್ತದೆ. ಮಠದ ಕಮಾನು ಕಾಣುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಟ್ರೇಲರಿನ ಹೆಣ್ಣುಮಕ್ಕಳು ಮಕ್ಕಳನ್ನು ಎತ್ತಿಕೊಂಡು ಜಿಗಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸರ್ವಿಸಿಗೆ ಒಯ್ದಾಗ ಅಲ್ಲಿಯ ಇಂಜಿನಿಯರು ಸುಟ್ಟ ವೈರನ್ನು ಬೆರಳಲ್ಲಿ ಎತ್ತಿ ಹಿಡಿದು, “ಇದು ವಾರಂಟ್ಯಾಗ ಬರಂಗಿಲ್ರಿ ಗೌಡ್ರ, ನಿಮ್ಮ ಟೇಪು ಇಲ್ಲೇ ಐತಿ ನೋಡ್ರಿ” ಅಂದ. ಆರು ಸಾವಿರ ಚಿಲ್ಲರೆ ಬಿಲ್ಲಾಯಿತು. ಹೊರಗೆ ಬಂದಾಗ ನನ್ನ ತಲೆಯಲ್ಲಿ ಇದ್ದ ವಿಚಾರ ಒಂದೇ: ಟೇಪು ಕಂಡದ್ದರಿಂದ ಕೆಟ್ಟಿತು. ಮುಂದೆ ಏನು ಮಾಡಿಸಿದರೂ ಕಾಣದ ಹಾಗೆ ಮಾಡಿಸಬೇಕು.

ನಮ್ಮ ಕಡೆಯ ಎರಿಭೂಮಿ ಬೇಸಿಗೆಯಲ್ಲಿ ಕಬ್ಬಿಣ. ಹತ್ತಿ ಕಟ್ಟಿಗೆ ಕಿತ್ತ ಮೇಲೆ ಪಲ್ಟಿ ಹೊಡೆಸಬೇಕು. ನೇಗಿಲು ಒಂದು ಗೇಣಿಗಿಂತ ಕೆಳಗಿಳಿದರೆ ನನ್ನ ಗಾಡಿ ಎರಡನೇ ಗೇರಿಗೆ ಬಂದು ಉಸಿರು ಬಿಡುತ್ತಿತ್ತು. ಬದುವಿನ ಆಚೆ ನಮ್ಮ ಕಾಕಾನ ಮಗನ ಗಾಡಿ, ನನ್ನದರಷ್ಟೇ ಎಚ್‌ಪಿಯದು, ಮೂರನೇ ಗೇರಿನಲ್ಲಿ ಕರಿ ಹೊಗೆ ಬಿಡುತ್ತ ಹೋಗುತ್ತಿತ್ತು. ಬಾಡಿಗೆ ಹೊಡೆಯುವವನಿಗೆ ಎಕರೆಯೇ ಲೆಕ್ಕ. ಅವನು ದಿನಕ್ಕೆ ಹೊಡೆದಷ್ಟು ನಾನು ಹೊಡೆಯುತ್ತಿರಲಿಲ್ಲ, ಜನ ಅವನನ್ನೇ ಕರೆಯುತ್ತಿದ್ದರು. ಒಂದು ದಿನ ಅವನೇ ಬಾಯಿಬಿಟ್ಟ: “ನಿಂದ ಕಟ್ಟಿಹಾಕಿದ ಎತ್ತು ಆಗ್ಯದ ತಮ್ಮ. ಪಂಪಿಗೆ ಡೀಸೆಲ್ ಹೆಚ್ಚ ಬಿಡಸು.”

ಇಲ್ಲಿ ಸ್ವಲ್ಪ ನಿಂತು ಆ ಪಂಪಿನ ವಿಷಯ ಹೇಳುತ್ತೇನೆ. ನನ್ನ ಹಾಗೆ ಮಾಡಿಸಿದವರಲ್ಲಿ ಹೆಚ್ಚಿನವರಿಗೆ ತಾವು ಏನು ಮಾಡಿಸಿದೆವು ಎಂಬುದೇ ಗೊತ್ತಿಲ್ಲ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ಹೊಸ ನಿಯಮ ಬಂತು. ಅವುಗಳಲ್ಲಿ ಡೀಸೆಲ್ ಅಳೆಯುವುದು ಕಂಪ್ಯೂಟರು. ಅದರ ಕೆಳಗಿನ ನಮ್ಮಂಥ ಗಾಡಿಗಳಲ್ಲಿ ಇನ್ನೂ ಹಳೆಯ ಪದ್ಧತಿಯ ಪಂಪೇ ಇದೆ. ನಾಝಲಿಗೆ ಒಂದು ಸಲಕ್ಕೆ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ಒಂದು ಸ್ಕ್ರೂ ತಡೆಯುತ್ತದೆ. ಕಂಪನಿಯಲ್ಲಿ ಆ ಸ್ಕ್ರೂವನ್ನು ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ತಂತಿ ಹಾಯಿಸಿ, ಸೀಸದ ಗುಂಡು ಒತ್ತಿ, ಗುಂಡಿನ ಮೇಲೆ ಮುದ್ರೆ ಹೊಡೆಯುತ್ತಾರೆ. ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ಎಳೆಯುತ್ತದೆ. ಇದು ಸುಳ್ಳಲ್ಲ, ನಿಜವಾಗಿಯೂ ಎಳೆಯುತ್ತದೆ. ಆದರೆ ಒಳಗೆ ಹೋಗುವ ಗಾಳಿ ಮೊದಲಿನಷ್ಟೇ. ಒಲೆಗೆ ಕಟ್ಟಿಗೆ ಹೆಚ್ಚು ತುರುಕಿ ಊದದೆ ಕುಂತರೆ ಏನಾಗುತ್ತದೆಂದು ನಮ್ಮ ಹೆಣ್ಣುಮಕ್ಕಳನ್ನು ಕೇಳಿ. ನಾವು ತಾಕತ್ತು ಎಂದು ಎದೆ ಉಬ್ಬಿಸಿ ನೋಡುವ ಆ ಕರಿ ಹೊಗೆ ಅರ್ಧ ಸುಟ್ಟ ಡೀಸೆಲ್, ನಮ್ಮದೇ ರೊಕ್ಕ. ಸುಡದೆ ಉಳಿದದ್ದು ಲೈನರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಸುತ್ತದೆ. ಸುಟ್ಟದ್ದು ಲೆಕ್ಕಕ್ಕಿಂತ ಹೆಚ್ಚು ಕಾವು ಕೊಡುತ್ತದೆ. ಪಿಸ್ಟನ್ನು ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮಿಶ್ರಲೋಹವಾದರೆ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಅದರ ತಲೆಯ ಮೇಲಿನ ಬೆಂಕಿ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಬೆಂಕಿಗೂ ಲೋಹಕ್ಕೂ ನಡುವೆ ಸರಿಯಾದ ಅಳತೆಯೊಂದೇ ಕಾವಲು, ಅದಕ್ಕೆ ಬೀಗ ಆ ಸೀಸದ ಗುಂಡು.

ಮಿಸ್ತ್ರಿ ಸಾವಿರದ ಐನೂರು ತಗೊಂಡ. ಸ್ಕ್ರೂ ತಿರುವಿ, ತನ್ನ ಡಬ್ಬಿಯಿಂದ ಒಂದು ಖಾಲಿ ಗುಂಡು ತೆಗೆದು ಹೊಸ ತಂತಿ ಕಟ್ಟಿ ಒತ್ತಿದ. “ಯಾರಿಗೂ ಗೊತ್ತಾಗಂಗಿಲ್ಲ” ಅಂದ. ಜಾತ್ರೆಯ ಟೇಪಿನ ಪಾಠ ಕಲಿತಿದ್ದ ನನಗೆ ಬೇಕಾದದ್ದೂ ಅದೇ ಮಾತು.

ಒಂದು ವರ್ಷ ನಾನು ರಾಜ. ಪಲ್ಟಿ ಮೂರನೇ ಗೇರಿನಲ್ಲಿ ಹೋಯಿತು. ಬಸವಸಾಗರದ ಕಾಲುವೆ ನೀರು ಬಿಟ್ಟಾಗ ಶಹಾಪುರ, ಸುರಪುರ ಕಡೆ ಭತ್ತದ ಗದ್ದೆಗೆ ಹೋಗಿ, ಅಲ್ಲಿಯ ಕ್ಯಾಂಪುಗಳಲ್ಲಿ ತಿಂಗಳುಗಟ್ಟಲೆ ಉಳಿದು, ಕೇಜ್ ವ್ಹೀಲ್ ಹಾಕಿ ಕೆಸರು ಹೊಡೆದೆ. ಮೊಣಕಾಲುದ್ದ ಕೆಸರು, ಎಂಜಿನ್ನಿನ ಮೇಲೆ ಇಡೀ ದಿನ ಭಾರ, ರೇಡಿಯೇಟರಿಗೆ ಹುಲ್ಲು ರೊಜ್ಜು. ಮೊದಲು ತಾಸಿಗೆ ಐದು ಲೀಟರ್ ಕುಡಿಯುತ್ತಿದ್ದ ಗಾಡಿ ಆರೂವರೆ ಕುಡಿಯಿತು. ಬಾಡಿಗೆ ಹೆಚ್ಚು ಬರುತ್ತಿದೆ ಎಂಬ ಖುಷಿಯಲ್ಲಿ ಡೀಸೆಲ್ ಚೀಟಿಗಳನ್ನು ನಾನು ಕೂಡಿಸಲೇ ಇಲ್ಲ. ಆಮೇಲೆ ಕೂಡಿಸಿದ್ದು ಹೆಂಡತಿ. ಹೆಚ್ಚು ಬಂದ ಬಾಡಿಗೆಯ ಮುಕ್ಕಾಲು ಪಾಲು ಬಂಕಿಗೇ ಹೋಗಿತ್ತು.

ಇದರ ನಡುವೆ ಬೇರೆಯದೇ ಒಂದು ತೊಂದರೆ ಇತ್ತು. ಗಾಡಿ ನಾನೂರು ತಾಸು ಓಡುವುದರೊಳಗೆ ಹೈಡ್ರಾಲಿಕ್ ಲಿಫ್ಟು ಸೋರತೊಡಗಿತ್ತು. ಎತ್ತಿ ನಿಲ್ಲಿಸಿದ ನೇಗಿಲು ಹತ್ತು ನಿಮಿಷಕ್ಕೆ ತಾನೇ ಇಳಿಯುತ್ತಿತ್ತು. ಅದು ನನ್ನ ತಪ್ಪಲ್ಲ, ಪಂಪಿಗಿಂತ ಮೊದಲಿನದು. ಎರಡು ಸಲ ಸರ್ವಿಸಿನಲ್ಲಿ ಹೇಳಿ ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ. ಎರಡೂ ಸಲ ಸೀಲು ಬದಲಿಸಿ ಕಳಿಸಿದ್ದರು, ಮತ್ತೆ ಸೋರಿತು. ಆ ಎರಡು ಕಾರ್ಡುಗಳನ್ನು ನೆನಪಿಡಿ.

2023ರ ಮೇ ತಿಂಗಳು. ಯಾದಗಿರಿಯ ಮೇ ಎಂದರೆ ಹನ್ನೊಂದು ಗಂಟೆಗೆ ನಾಯಿಯೂ ಓಣಿ ದಾಟುವುದಿಲ್ಲ. ನಾನು ಪಲ್ಟಿ ಹೊಡೆಯುತ್ತಿದ್ದೆ. ಕಾವಿನ ಮುಳ್ಳು ಕೆಂಪಿಗೆ ತಾಗಿದ್ದು ಕಂಡಿತ್ತು. ಈ ಸಾಲು ಮುಗಿಯಲಿ ಅಂದುಕೊಂಡೆ. ಸಾಲು ಮುಗಿಯಲಿಲ್ಲ. ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಸದ್ದು, ಹೊಗೆಕೊಳವೆಯಿಂದ ಬಿಳಿ ಹೊಗೆ, ಎಂಜಿನ್ ಬಂದ್. ಮೀಟರಿನಲ್ಲಿ 1,140 ತಾಸು. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆದು ತಂದವನು ಕಾಕಾನ ಮಗನೇ, ಒಂದು ಮಾತೂ ಆಡಲಿಲ್ಲ.

ಹೆಡ್ಡು ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ತಲೆ ಮೇಣದ ಹಾಗೆ ಹರಿದು ತೂತು ಬಿದ್ದಿತ್ತು. ಲೈನರಿಗೆ ಗೀರು. ಅದೇ ಇಂಜಿನಿಯರು, ವೈರು ಎತ್ತಿ ತೋರಿಸಿದವನು, ಬಗ್ಗಿ ನೋಡಿ ನನ್ನ ಕಡೆ ತಿರುಗಿದ.

“ಪಂಪಿಗೆ ಯಾರಾದ್ರು ಕೈ ಹಚ್ಯಾರೇನ್ರಿ?”

“ಇಲ್ರಿ.”

“ಖರೆ ಹೇಳ್ರಿ.”

“ವಿಶ್ವಾರಾಧ್ಯರ ಆಣಿಗೂ ಇಲ್ರಿ.”

ಯಾರೂ ಆಣೆ ಕೇಳಿರಲಿಲ್ಲ. ನಾನೇ ಇಟ್ಟೆ. ನಮ್ಮೂರಲ್ಲಿ ಆ ಹೆಸರಿನ ಮೇಲೆ ಸುಳ್ಳು ಆಣೆ ಇಡುವವರು ಕಡಿಮೆ. ಬದುವಿನ ಜಗಳ ಎಷ್ಟೋ ಸಲ ಮಠದ ಕಟ್ಟೆಯ ಮೇಲೆ ಆಣೆಯಿಂದಲೇ ಮುಗಿದದ್ದನ್ನು ಕಂಡಿದ್ದೇನೆ. ಇಂಜಿನಿಯರು ಸುಮ್ಮನಾದ. ಮೊಬೈಲಿನ ಬ್ಯಾಟರಿ ಹಚ್ಚಿ ಪಂಪಿನ ಫೋಟೋ ಹಿಡಿದ. ಒಂದು ಹಾಳೆ ಕೊಟ್ಟು, ಗಾಡಿಯ ಎಲ್ಲ ತಕರಾರು ಬರೆದು, ಯಾರೂ ಬಿಚ್ಚಿಲ್ಲ, ಏನೂ ಬದಲಿಸಿಲ್ಲ ಎಂದು ಸಹಿ ಮಾಡಲು ಹೇಳಿದ. ಎಂಜಿನ್, ಲಿಫ್ಟು ಎರಡನ್ನೂ ಅದೇ ಹಾಳೆಯಲ್ಲಿ ಬರೆದೆ. ಕೆಳಗೆ ಸಹಿ.

ಹದಿನೆಂಟು ದಿನಕ್ಕೆ ಪತ್ರ ಬಂತು. ಜೊತೆಗೆ ಎರಡು ಫೋಟೋ. ಒಂದು ಕಂಪನಿಯ ಗುಂಡಿನದು, ಮೇಲೆ ಮುದ್ರೆ. ಇನ್ನೊಂದು ನನ್ನ ಗುಂಡಿನದು, ಬೋಳು. ಸ್ಕ್ರೂವಿನ ಮೇಲೆ ಎಳೆದಿದ್ದ ಹಳದಿ ಬಣ್ಣದ ಗೆರೆ ಅರ್ಧ ಸುತ್ತು ಆಚೆ ಸರಿದಿತ್ತು. ಗೆರೆ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಗ್ರಾಹಕರ ಹೇಳಿಕೆ ಸತ್ಯಕ್ಕೆ ದೂರವಾದ್ದರಿಂದ ಯಾವ ತಕರಾರನ್ನೂ ಪರಿಗಣಿಸಲಾಗದು ಎಂದು ಕೊನೆಯ ಸಾಲು. ಯಾವ ತಕರಾರನ್ನೂ. ಲಿಫ್ಟೂ ಅದರಲ್ಲೇ ಹೋಯಿತು.

ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಬಲು ಕೆಟ್ಟದ್ದು, ಅದಕ್ಕೆ ಕಾಲು ಊರಲು ಜಾಗ ಇರುವುದಿಲ್ಲ, ಆದ್ದರಿಂದ ಎಲ್ಲರ ಮೇಲೂ ಹಾರುತ್ತದೆ. ನಮ್ಮ ಸೋದರಮಾವನ ಅಳಿಯ ವಕೀಲ. ಗ್ರಾಹಕರ ಆಯೋಗಕ್ಕೆ ಎಳೆಯೋಣ ಎಂದು ಅವನ ಮನೆಗೆ ಹೋದೆ. ಅವನಿಗೂ ಅದೇ ಸುಳ್ಳು ಹೇಳಿದೆ. ಪಾಪ, ಅವನು ನಂಬಿ ಎಲ್ಲ ವಿವರಿಸಿದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಏಳೂವರೆ ಲಕ್ಷದ ವಸ್ತುವಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಬರೀ 200 ರೂಪಾಯಿ. ಬಾಡಿಗೆ ಹೊಡೆಯುತ್ತೀಯ ಎಂದು ಅವರು ವ್ಯಾಪಾರದ ನೆಪ ತೆಗೆದರೂ, ಸ್ವಂತ ದುಡಿದು ಹೊಟ್ಟೆ ಹೊರೆಯಲು ಕೊಂಡದ್ದಾದರೆ ನೀನು ಗ್ರಾಹಕನೇ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಬಹುದು. ಹೊರಗಿನ ಸಾಮಾನು ಹಾಕಿಸಿದ್ದೀಯ ಎಂಬಷ್ಟಕ್ಕೇ ಇಡೀ ವಾರಂಟಿ ಮುರಿದುಬೀಳಬೇಕಿಲ್ಲ, ಆ ಸಾಮಾನಿಗೂ ಈ ಕೇಡಿಗೂ ಸಂಬಂಧ ಏನು ಎಂದು ನಾವು ಕೇಳಬಹುದು. ಅಮೆರಿಕದಲ್ಲಿ 1975ರಿಂದಲೇ ಇದಕ್ಕೊಂದು ಕಾಯ್ದೆ ಇದೆಯಂತೆ, ಅಲ್ಲಿ ಕಂಪನಿ ತನ್ನದೇ ಬ್ರ್ಯಾಂಡಿನ ಸಾಮಾನು ಹಾಕಿಸಬೇಕೆಂದು ವಾರಂಟಿಗೆ ಗಂಟು ಹಾಕುವಂತಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲಿನಲ್ಲಿ ಕೃಷಿ ಯಂತ್ರಗಳೂ ಸೇರಿವೆ. ಅವನು ಹೇಳುತ್ತಾ ಹೋದಂತೆ ನನಗೆ ಧೈರ್ಯ ಬಂತು. ಕೊನೆಗೆ ಅವನು ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದ.

“ಆಯೋಗದಾಗ ಎಲ್ಲಾ ಅಫಿಡವಿಟ್ ಮ್ಯಾಲ ನಡಿತದ ಮಾವ. ಪ್ರಮಾಣ ಮಾಡಿ ಬರೀಬೇಕು. ಪಂಪ್ ಮುಟ್ಟಿಲ್ಲ ಅಂತ ಬರೀಲೇನು?”

ಮತ್ತೊಂದು ಆಣೆ. ಹೂಂ ಎನ್ನಲು ಬಾಯಿ ತೆರೆದೆ, ಬರಲಿಲ್ಲ. ವಿಚಾರ ಮಾಡಿ ಹೇಳ್ತೀನಿ ಎಂದು ಎದ್ದು ಬಂದೆ. ಒಂದು ವಾರ ಫೋನು ಎತ್ತಲಿಲ್ಲ. ಎಂಟನೇ ದಿನ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಜಾಬ್ ಕಾರ್ಡುಗಳನ್ನು ತಿರುವಿ ನೋಡಿದ. ಎಂಜಿನ್ನಿನ ಮಾತು ಬಿಡು, ಅದು ನೀನೇ ಸುಟ್ಟದ್ದು ಅಂದ. ಆದರೆ ಲಿಫ್ಟಿನ ಪ್ರಕರಣ ಗಟ್ಟಿ ಇತ್ತು. ಪಂಪ್ ಮುಟ್ಟುವ ಮೊದಲೇ ಸೋರಿದ್ದಕ್ಕೆ ಅವರದೇ ಕೈಬರಹದ ಎರಡು ದಾಖಲೆ ಇವೆ. ಈಗ ಅದೂ ನಿನ್ನ ಸುಳ್ಳಿನ ಹಾಳೆಯಲ್ಲೇ ಇದೆ. ನಾವು ಕಾರ್ಡು ತೋರಿಸಿದರೆ ಅವರು ಆ ಹಾಳೆ ತೋರಿಸುತ್ತಾರೆ. “ಹೋಗಿ ಖರೆ ಹೇಳಿ ಲಿಫ್ಟ್ ಅಷ್ಟೇ ಕೇಳು. ಒಪ್ಪಲಿಲ್ಲ ಅಂದ್ರ ನೋಡಾಣು.”

ಹೋಗಬೇಕಿತ್ತು. ಜೂನು, ಮಿರಗದ ಮಳೆ, ತೊಗರಿ ಬಿತ್ತನೆ. ನೆಪ ಬೇಕಿದ್ದವನಿಗೆ ಒಕ್ಕಲುತನದಲ್ಲಿ ನೆಪಕ್ಕೆ ಬರವಿಲ್ಲ. ಖರೆ ಕಾರಣ ನಾಚಿಕೆ. ಆಣೆ ಇಟ್ಟ ಮುಖವನ್ನೇ ತಗೊಂಡು ಅದೇ ಮನುಷ್ಯನ ಮುಂದೆ ನಿಲ್ಲಬೇಕಿತ್ತು. ಅಷ್ಟರಲ್ಲಿ ಎಂಜಿನ್ನು ಹೊರಗಡೆ ಮಾಡಿಸಿದೆ: ಪಿಸ್ಟನ್ನು, ಲೈನರು, ಹೆಡ್ಡು, ಪಂಪನ್ನು ಮತ್ತೆ ಬೆಂಚಿಗೆ ಹಾಕಿ ಮೊದಲಿನ ಅಳತೆಗೆ ತಂದದ್ದು, ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಹೆಂಡತಿಯ ಬೋರಮಾಳ ಇನ್ನೂ ಸೊಸೈಟಿಯಲ್ಲೇ ಇದೆ. ಪಂಪಿನಿಂದ ಬಿಚ್ಚಿದ ಬೋಳು ಗುಂಡನ್ನು ಅಂದು ಡಬ್ಬಿಗೆ ಹಾಕಿಕೊಂಡೆ.

ಕೊನೆಗೆ ದಸರೆ ಬಂತು. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎನ್ನುವಾಗ ಅವ್ವ, ಈ ವರ್ಷ ಗಾಡಿ ಮಠಕ್ಕೆ ಒಯ್ದಿಲ್ಲಲ್ಲೋ ಅಂದಳು. ಒಯ್ದಿರಲಿಲ್ಲ. ಮುಂಜಾನೆಯಿಂದ ಏನೇನೋ ಕೆಲಸ ಹುಡುಕಿಕೊಂಡು ತಿರುಗಿದ್ದೆ. ಎರಡು ದಿನ ಬಿಟ್ಟು, ಅಕ್ಟೋಬರ್ 26ಕ್ಕೆ, ಸರ್ವಿಸಿಗೆ ಹೋಗಿ ಇಂಜಿನಿಯರಿನ ಮುಂದೆ ನಿಂತು ಹೇಳಿದೆ. ಪಂಪ್ ಬಿಚ್ಚಿಸಿದ್ದು ಖರೆ. ಆಣೆ ಸುಳ್ಳು. ಲಿಫ್ಟು ಮಾತ್ರ ನನ್ನ ತಪ್ಪಲ್ಲ.

ಅವನು ಕುರ್ಚಿ ಎಳೆದು ಕೊಟ್ಟ. ಎರಡೂ ಜಾಬ್ ಕಾರ್ಡು ನೋಡಿದ, ಗೋಣು ಹಾಕಿದ. ಪಂಪಿಗೂ ಲಿಫ್ಟಿಗೂ ಏನೂ ಸಂಬಂಧ ಇಲ್ಲ ಎಂದು ಅವನೇ ಅಂದ. ಆಮೇಲೆ ಕಂಪ್ಯೂಟರಿನಲ್ಲಿ ಗಾಡಿಯ ನಂಬರು ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದ. ವಾರಂಟಿ ಮುಗಿದು 11 ದಿನ.

“ಆವತ್ತ ಖರೆ ಹೇಳಿದ್ರ ಲಿಫ್ಟಿಂದರ ಆಗ್ತಿತ್ತಲ್ರಿ ಗೌಡ್ರ. ನಾನ ಬರದು ಕಳಸ್ತಿದ್ದೆ. ಸೀಲ್ ನೋಡಿದ ಕೂಡ್ಲೇ ನನಗ ಗೊತ್ತಾಗಿತ್ತು. ನೀವ ಹೇಳ್ತೀರೇನು ಅಂತ ಕಾದೆ.”

ಲಿಫ್ಟು ಇವತ್ತಿಗೂ ಸೋರುತ್ತದೆ. ನೇಗಿಲು ಎತ್ತಿ ನಿಲ್ಲಿಸಿದಾಗ ಕೆಳಗೊಂದು ಕಲ್ಲು ಕೊಡುತ್ತೇನೆ. ಮಠಕ್ಕೆ ಒಬ್ಬನೇ ಹೋಗಿ ಬಂದೆ, ಅದರ ವಿಷಯ ಬರೆಯುವುದಿಲ್ಲ. ಸರ್ವಿಸ್ ಬುಕ್ಕನ್ನು ದೇವರ ಫೋಟೋದ ಹಿಂದಿನಿಂದ ತೆಗೆದು ಆ ಎರಡು ಪುಟ ಓದಿದೆ. ಸೀಲ್ ಒಡೆದ ಪಂಪು, ಕತ್ತರಿಸಿ ಜೋಡಿಸಿದ ವೈರು, ಎರಡೂ ಅಲ್ಲಿದ್ದವು, ಒಂದರ ಕೆಳಗೊಂದು. ಕುಂಕುಮ ಸರಿಯಾಗಿ ಅವುಗಳ ಮೇಲೆಯೇ ಹತ್ತಿತ್ತು.

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಹೊಸ ಗಾಡಿ ತಂದ, 49 ಎಚ್‌ಪಿ. ತಿಂಗಳು ಕಳೆಯುವುದರೊಳಗೆ ಮನೆಗೆ ಬಂದು ಕಟ್ಟೆಯ ಮೇಲೆ ಕುಂತ. ಪಲ್ಟಿ ಎಳೆಯುತ್ತಿಲ್ಲವಂತೆ. ಆ ಪಂಪ್ ಮಿಸ್ತ್ರಿಯ ಗ್ಯಾರೇಜು ಎಲ್ಲೋ ಬದಲಾಗಿದೆಯಂತೆ, ಎಲ್ಲಿ ಎಂದು ಕೇಳಿದ. ನಾನು ಡಬ್ಬಿ ತೆಗೆದು ಗುಂಡನ್ನು ಅವನ ಅಂಗೈಗೆ ಹಾಕಿದೆ. ವೈರಿನಿಂದ ಹಿಡಿದು ಪರದೆಯ 11 ದಿನದವರೆಗೆ ಎಲ್ಲ ಹೇಳಿದೆ, ಆಣೆಯನ್ನೂ ಬಿಡಲಿಲ್ಲ. ಅವನು ಬಾಯಿ ಮುಚ್ಚಿಕೊಂಡು ಕೇಳಿದ. ಗುಂಡನ್ನು ಹೆಬ್ಬೆರಳಿನಿಂದ ಹೊರಳಿಸಿ ಹೊರಳಿಸಿ ನೋಡಿದ. ಆಮೇಲೆ ತಲೆ ಎತ್ತಿ ಕೇಳಿದ:

“ಕಾಕಾ, ಮುದ್ರಿ ಇದ್ದದ್ದು ಎಲ್ಲಿ ಸಿಗ್ತದ?”